ಹಲಸೂರಿನ ಚೆಂಡು ತಿಪಟೂರು ತಲುಪಲಿಲ್ಲ

1948ರ ಜುಲೈ 31, ಶನಿವಾರ. ಲಂಡನ್ನಿನ ಅಂಚಿನಲ್ಲಿರುವ ಇಲ್ಫರ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ತನ್ನ ಮೊದಲ ಒಲಿಂಪಿಕ್ಸ್ ಪಂದ್ಯಕ್ಕೆ ಇಳಿಯಿತು. ಎದುರಿಗಿದ್ದದ್ದು ಫ್ರಾನ್ಸ್. ನಮ್ಮ ಹನ್ನೊಂದು ಜನರಲ್ಲಿ ಎಂಟು ಮಂದಿ ಬರಿಗಾಲಲ್ಲಿದ್ದರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಗುರಿ ತಪ್ಪಿದವು. 70ನೇ ನಿಮಿಷದಲ್ಲಿ ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿದರು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಹೊಡೆದ ಮೊದಲ ಗೋಲು ಅದು. ಆಟ ಇನ್ನೇನು ಮುಗಿಯಿತು ಅನ್ನುವಾಗ, 89ನೇ ನಿಮಿಷದಲ್ಲಿ, ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು.

ಆ ತಂಡದಲ್ಲಿ ರಾಮನ್ ಒಬ್ಬರೇ ನಮ್ಮವರಾಗಿರಲಿಲ್ಲ. ಅಹ್ಮದ್ ಖಾನ್, ಧನರಾಜ್, ಬಷೀರ್ ಹೀಗೆ ಬೆಂಗಳೂರಿನ ಮಣ್ಣಿನಲ್ಲಿ ಆಡಿ ಬೆಳೆದ ಹಲವರಿದ್ದರು. ಒಂದು ಊರಿನ ಕೆಲವೇ ಓಣಿಗಳು ದೇಶದ ತಂಡವನ್ನು ಅಷ್ಟರಮಟ್ಟಿಗೆ ತುಂಬಿದ್ದವು.

ಅದೇ ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್ ದೂರದಲ್ಲಿ ತಿಪಟೂರು. ಬೆಂಗಳೂರಿನಿಂದ ಹೊರಟ ರೈಲುದಾರಿ 1889ರ ಹೊತ್ತಿಗೇ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ ಹಾದು ಹರಿಹರ ಮುಟ್ಟಿತ್ತು. ಆ ದಾರಿಯಲ್ಲಿ ತಿಪಟೂರಿನ ಉಂಡೆ ಕೊಬ್ಬರಿ ಉತ್ತರ ಭಾರತದ ಪೇಟೆಗಳಿಗೆ ಹೋಯಿತು. ಗುಬ್ಬಿಯ ನಾಟಕ ಕಂಪನಿ ಊರೂರು ಸುತ್ತಿತು. ವರ್ತಕರು ಬಂದರು, ಹೈಸ್ಕೂಲು ಬಂತು, ಪತ್ರಿಕೆ ಬಂತು. ಫುಟ್‌ಬಾಲ್ ಮಾತ್ರ ಬಂದು ನೆಲೆಯೂರಲಿಲ್ಲ. ಒಂದೆರಡು ಶಾಲೆ ಕಾಲೇಜುಗಳಲ್ಲಿ ಚೆಂಡು ಕಂಡಿರಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಊರಾಟವಾಗಿ ಅದು ಎಂದೂ ಬೆಳೆಯಲಿಲ್ಲ.

ಭಾರತದಂಥ ದೊಡ್ಡ ದೇಶ ಫುಟ್‌ಬಾಲಿನಲ್ಲಿ ಏಕೆ ಹಿಂದುಳಿಯಿತು ಎಂದು ಕೇಳುವವರು ಕಲ್ಕತ್ತಾದ ಕ್ಲಬ್ಬುಗಳನ್ನೂ ದಿಲ್ಲಿಯ ಆಡಳಿತವನ್ನೂ ನೋಡುತ್ತಾರೆ. ಆಟ ಬೆಳೆದ ಕಡೆ ಮಾತ್ರ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಆಟ ಹೋಗದೇ ಉಳಿದ ನಮ್ಮ ಊರುಗಳಲ್ಲಿದೆ.

ದಂಡಿನ ಮಗ್ಗುಲಲ್ಲಿ

ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದರು. ದಂಡಿನ ಜೊತೆಗೆ ಪರೇಡ್ ಮೈದಾನಗಳು ಬಂದವು, ಆಮೇಲೆ ಸಿಪಾಯಿಗಳ ಫುಟ್‌ಬಾಲ್ ಬಂತು. ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದವರು ಹಲಸೂರು, ಶಿವಾಜಿನಗರ, ಮರ್ಫಿ ಟೌನ್, ಆಸ್ಟಿನ್ ಟೌನ್, ಗೌತಮಪುರದ ಹುಡುಗರು. ಅವರ ಹೆತ್ತವರಲ್ಲಿ ಹೆಚ್ಚಿನವರು ದಂಡಿನ ಆಸರೆಯಲ್ಲಿ ಬದುಕುತ್ತಿದ್ದ ಕೂಲಿಕಾರರು, ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು. ತಮಿಳು, ಉರ್ದು, ಕನ್ನಡ, ತೆಲುಗು ಬೆರೆತ ಆ ಓಣಿಗಳಲ್ಲಿ ಬೂಟು ಕೊಳ್ಳುವ ಶಕ್ತಿ ಇದ್ದವರು ಕಡಿಮೆ. ಬರಿಗಾಲಿನಲ್ಲೇ ಚೆಂಡನ್ನು ಹಿಡಿತಕ್ಕೆ ತಂದುಕೊಂಡರು.

ಆ ಹಿಡಿತ ದೇಶಕ್ಕೆ ಗೊತ್ತಾದದ್ದು 1937ರಲ್ಲಿ. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾಗಿತ್ತು. ಅಲ್ಲಿಯವರೆಗೆ ಅದನ್ನು ಗೆಲ್ಲುತ್ತ ಬಂದದ್ದು ಬ್ರಿಟಿಷ್ ಪಲ್ಟನ್ನುಗಳು. 1937ರ ಫೈನಲ್‌ನಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಕಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಆ ಕಪ್ ಎತ್ತಿತು. ಸೈನ್ಯಕ್ಕೆ ಸೇರದ ಭಾರತೀಯ ತಂಡವೊಂದು ರೋವರ್ಸ್ ಗೆದ್ದದ್ದು ಅದೇ ಮೊದಲು. ಮರುವರ್ಷ ಪಲ್ಟನ್ ತಂಡವೊಂದನ್ನೇ ಮಣಿಸಿ ಮತ್ತೆ ಗೆದ್ದರು. 1948ರಲ್ಲಿ ಮೂರನೇ ಸಲ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. ಮೈಸೂರು ತಂಡ ಅದನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. ನಾಲ್ಕು ಸಲವೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ಆಗಿನ ಭಾರತದಲ್ಲಿ ಬಂಗಾಳವನ್ನು ಫುಟ್‌ಬಾಲಿನಲ್ಲಿ ಸೋಲಿಸುವುದಕ್ಕಿಂತ ದೊಡ್ಡ ಗೆಲುವಿರಲಿಲ್ಲ. ಮೈಸೂರು ಎಂಬ ಹೆಸರು ಹೊತ್ತ ಆ ತಂಡದ ಬಹುಪಾಲು ಆಟಗಾರರು ಬಂದದ್ದು ಬೆಂಗಳೂರಿನಿಂದ, ಅದರಲ್ಲೂ ದಂಡಿನ ಸುತ್ತಲ ಬಡಾವಣೆಗಳಿಂದ. ಸಂಸ್ಥಾನದ ಉಳಿದ ನೂರಾರು ಹೋಬಳಿಗಳ ಪಾಲು ಅದರಲ್ಲಿ ಅತ್ಯಲ್ಪ.

ಅಹ್ಮದ್ ಖಾನರ ಕಾಲ

ಗೆದ್ದವರನ್ನು ಕಲ್ಕತ್ತಾ ಕರೆಯಿತು. ಮೊಹಮ್ಮಡನ್ ಸ್ಪೋರ್ಟಿಂಗ್ 1930ರ ದಶಕದಲ್ಲೇ ಬೆಂಗಳೂರಿನ ಆಟಗಾರರನ್ನು ಹುಡುಕಿ ಒಯ್ಯುತ್ತಿತ್ತು. ಸ್ವಾತಂತ್ರ್ಯದ ನಂತರ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಪಡೆಯ ಐವರು ಆಟಗಾರರಿಗೆ ಕಲ್ಕತ್ತಾದ ಜನ ಪಂಚಪಾಂಡವರು ಎಂದು ಹೆಸರಿಟ್ಟರು. ಸಾಲೆ, ಅಪ್ಪಾರಾವ್, ವೆಂಕಟೇಶ್, ಧನರಾಜ್, ಅಹ್ಮದ್ ಖಾನ್. ಆ ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. 1949ರಿಂದ 1951ರವರೆಗೆ ಸತತ ಮೂರು ವರ್ಷ ಈಸ್ಟ್ ಬೆಂಗಾಲ್ ಐಎಫ್‌ಎ ಶೀಲ್ಡ್ ಗೆದ್ದಿತು. ಅಹ್ಮದ್ ಖಾನರ ಕಾಲಿಗೆ ಸಿಕ್ಕ ಚೆಂಡನ್ನು ಬಿಡಿಸಿಕೊಳ್ಳಲು ಎದುರಾಳಿಗಳು ಹೆಣಗುತ್ತಿದ್ದರು. ಅವರು 2017ರಲ್ಲಿ ತೀರಿಕೊಂಡರು. ಅವರ ಹೆಸರು ಕಲ್ಕತ್ತಾದಲ್ಲಿ ಬದುಕಿರುವಷ್ಟು ಕರ್ನಾಟಕದಲ್ಲಿ ಬದುಕಿಲ್ಲ. ಇದು ನನಗೆ ನೋವಿನ ಸಂಗತಿ.

1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್ಪಿಗೆ ಭಾರತಕ್ಕೆ ದಾರಿ ತೆರೆದಿತ್ತು. ಅರ್ಹತಾ ಗುಂಪಿನಲ್ಲಿದ್ದ ಇತರ ದೇಶಗಳು ಹಿಂದೆ ಸರಿದದ್ದರಿಂದ ಆಡದೆಯೇ ಅವಕಾಶ ಸಿಕ್ಕಿತು. ಸ್ವೀಡನ್, ಇಟಲಿ, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಬಂತು. ತಂಡ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಇಂದಿಗೂ ಓಡಾಡುತ್ತದೆ. ಆ ತಂಡದ ನಾಯಕರಾಗಬೇಕಿದ್ದ ಶೈಲೇನ್ ಮನ್ನಾ ಮುಂದೆ ಹೇಳಿದ್ದು ಬೇರೆ: ವಿಶ್ವಕಪ್ ಅಂದರೇನೆಂಬುದೇ ಆಗ ನಮಗೆ ಸರಿಯಾಗಿ ತಿಳಿದಿರಲಿಲ್ಲ, ಒಲಿಂಪಿಕ್ಸೇ ಎಲ್ಲಕ್ಕಿಂತ ದೊಡ್ಡದು ಎಂದುಕೊಂಡಿದ್ದೆವು. ಆ ವಿಶ್ವಕಪ್ಪನ್ನು, ಬ್ರೆಜಿಲ್ಲಿಗೆ ಅದರ ನೆಲದಲ್ಲೇ 2–1ರ ಸೋಲುಣಿಸಿ ಗೆದ್ದದ್ದು ಪುಟ್ಟ ಉರುಗ್ವೆ.

1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನ ಚಳಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10–1ರಿಂದ ತುಳಿಯಿತು. ಆ ಒಂದು ಗೋಲು ಅಹ್ಮದ್ ಖಾನರದು. ಬರಿಗಾಲಿನ ಕಾಲ ಮುಗಿಯಿತೆಂದು ಎಲ್ಲರಿಗೂ ಅರ್ಥವಾದದ್ದು ಆ ದಿನ. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎಂಬ ಶಾಲಾ ಮೇಷ್ಟರು ತರಬೇತುದಾರರಾಗಿ ತಂಡವನ್ನು ಹೊಸದಾಗಿ ಕಟ್ಟಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ಮುಟ್ಟಿ, ನಾಲ್ಕನೇ ಸ್ಥಾನ ಪಡೆದರು. ಆ ತಂಡದ ನಡುವಿನ ಸಾಲಿನಲ್ಲಿ ನಮ್ಮ ಕೆಂಪಯ್ಯ ಇದ್ದರು. 1962ರ ಸೆಪ್ಟೆಂಬರ್ 4ರಂದು ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಎರಡನೇ ಏಷ್ಯನ್ ಚಿನ್ನ ತಂದಾಗ ಬೆಂಗಳೂರಿನ ಅರುಮೈನಾಯಗಂ ತಂಡದಲ್ಲಿದ್ದರು.

ಮರುವರ್ಷವೇ ರಹೀಂ ಸಾಹೇಬರು ಕ್ಯಾನ್ಸರಿನಿಂದ ತೀರಿಕೊಂಡರು. 1960ರ ರೋಮ್ ನಂತರ ಭಾರತದ ಫುಟ್‌ಬಾಲ್ ತಂಡ ಇವತ್ತಿನವರೆಗೆ ಒಲಿಂಪಿಕ್ಸ್‌ಗೆ ಹೋಗಿಲ್ಲ. 1970ರ ಏಷ್ಯನ್ ಕಂಚಿನ ನಂತರ ಆ ಕೂಟದಲ್ಲೂ ಪದಕ ಬಂದಿಲ್ಲ.

1948ರಿಂದ 1962ರವರೆಗಿನ ಆ ಹದಿನಾಲ್ಕು ವರ್ಷಗಳನ್ನು ಭಾರತೀಯ ಫುಟ್‌ಬಾಲಿನ ಸುವರ್ಣಯುಗ ಎಂದು ಕರೆಯುತ್ತಾರೆ. ಹೆಮ್ಮೆ ಪಡಬೇಕಾದ್ದೇ. ಆದರೆ ಆ ತಂಡಗಳು ಎಲ್ಲಿಂದ ಬಂದವೆಂದು ನೋಡಿದರೆ, ಕಲ್ಕತ್ತಾ, ಹೈದರಾಬಾದು, ಬೆಂಗಳೂರು, ಬೊಂಬಾಯಿ, ಒಂದಷ್ಟು ಸೇನಾ ತುಕಡಿಗಳು. ನಾಲ್ಕಾರು ನಗರಗಳ ಕೆಲವು ಬಡಾವಣೆಗಳ ಪ್ರತಿಭೆಯನ್ನು ನಾವು ಇಡೀ ದೇಶದ ಬಲವೆಂದು ತಿಳಿದೆವು.

ತೋಟದ ಸೀಮೆಯ ಆಟಗಳು

ಹಾಗಾದರೆ ರೈಲಿದ್ದೂ ನಮ್ಮ ಸೀಮೆಗೆ ಚೆಂಡು ಏಕೆ ಬರಲಿಲ್ಲ?

ಕೈಗೆ ಮೊದಲು ಸಿಗುವ ಕಾರಣ ನೆಲ. ಅಂತಾರಾಷ್ಟ್ರೀಯ ಅಳತೆಯ ಫುಟ್‌ಬಾಲ್ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅಂದರೆ ಒಂದೂಮುಕ್ಕಾಲು ಎಕರೆ. ಮೂವತ್ತು ಅಡಿ ಅಂತರಕ್ಕೆ ತೆಂಗಿನ ಸಸಿ ನೆಟ್ಟರೆ ಎಕರೆಗೆ 48 ಮರ ಹಿಡಿಯುತ್ತದೆ. ಒಂದು ಮೈದಾನವೆಂದರೆ ಸುಮಾರು 85 ಫಸಲಿನ ಮರ. ತೆಂಗು ನೆಟ್ಟ ನೆಲ ಎರಡು ತಲೆಮಾರು ಬೇರೆ ಯಾವುದಕ್ಕೂ ಬಿಡುವಾಗುವುದಿಲ್ಲ. ಕೊಬ್ಬರಿಯಿಂದಲೇ ಮದುವೆ, ಓದು, ಮನೆ ನಡೆಯುವ ಸೀಮೆಯಲ್ಲಿ ಆಟಕ್ಕೆಂದು ಅಷ್ಟು ಮರದ ಜಾಗ ಬಿಡಿ ಎಂದು ಯಾರಿಗೆ ಹೇಳುವುದು? ಕಬಡ್ಡಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ವಾಲಿಬಾಲಿಗೆ 18 ಮತ್ತು 9. ಶಾಲೆಯ ಅಂಗಳದಲ್ಲಿ, ದೇವಸ್ಥಾನದ ಮುಂದೆ, ಸಂತೆ ಮಾಳದಲ್ಲಿ ಅಷ್ಟು ಜಾಗ ಸಿಕ್ಕೇ ಸಿಗುತ್ತದೆ. ಹಾಗಾಗಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಇಲ್ಲಿ ಊರಾಟಗಳಾದವು. ಜಾತ್ರೆಯ ಹೊತ್ತಿಗೆ, ಗಣೇಶನ ಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿಗಳು ನಡೆದವು. ಕಬಡ್ಡಿಗೆ ಬೇಕಾದ ಗಟ್ಟಿ ಮೈ, ಚುರುಕು ಕಾಲು, ಉಸಿರಿನ ಹಿಡಿತ ನಮ್ಮ ಹುಡುಗರಲ್ಲಿ ಯಾವತ್ತೂ ಕಡಿಮೆಯಾಗಿರಲಿಲ್ಲ. ಭಾರತೀಯರ ಮೈಕಟ್ಟು ಫುಟ್‌ಬಾಲಿಗೆ ಒಗ್ಗುವುದಿಲ್ಲ ಎಂಬ ಮಾತನ್ನು ನಮ್ಮ ಕಬಡ್ಡಿ ಅಂಕಣಗಳೇ ಸುಳ್ಳು ಮಾಡುತ್ತವೆ.

ನೆಲದ ಕಾರಣವೂ ಪೂರ್ತಿ ನಿಲ್ಲುವುದಿಲ್ಲ. ಕಾಸರಗೋಡು, ಮಲಪ್ಪುರಂ ಸೀಮೆಗಳೂ ತೆಂಗಿನವೇ. ಅಲ್ಲಿ ಮನೆಗೊಂದು ತೋಟ, ತೋಟಕ್ಕೊಂದು ಮನೆ. ತೆರೆದ ಬಯಲು ನಮಗಿಂತಲೂ ಕಡಿಮೆ. ಆದರೂ ಅಲ್ಲಿ ಫುಟ್‌ಬಾಲ್ ಮನೆಮಾತು. ಮಲಪ್ಪುರದಲ್ಲಿ ಬ್ರಿಟಿಷರು ನಿಲ್ಲಿಸಿದ್ದ ಮಲಬಾರ್ ವಿಶೇಷ ಪೊಲೀಸ್ ಪಡೆ ಆಟವನ್ನು ತಂದಿತು. ಜನ ಅದನ್ನು ತಮ್ಮ ನೆಲಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡರು. ಹನ್ನೊಂದರ ಬದಲು ಏಳು ಜನ, ದೊಡ್ಡ ಮೈದಾನದ ಬದಲು ಭತ್ತ ಕೊಯ್ದ ಗದ್ದೆ. ಬೇಸಗೆಯ ರಾತ್ರಿಗಳಲ್ಲಿ ದೀಪ ಹಾಕಿ, ಮರದ ಅಟ್ಟಣಿಗೆ ಕಟ್ಟಿ, ಟಿಕೆಟ್ ಇಟ್ಟು ಪಂದ್ಯ ನಡೆಸಿದರು. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದಂಥ ಊರಿನಿಂದ ಮಹಮ್ಮದ್ ರಫಿ ಭಾರತ ತಂಡಕ್ಕೆ ಹೋದದ್ದು ಆ ವಾತಾವರಣದಿಂದ.

ನಮಗೂ ರಾಗಿ ಕೊಯ್ದ ಹೊಲಗಳಿದ್ದವು, ಬೇಸಗೆಯಲ್ಲಿ ಬತ್ತುವ ಕೆರೆಯಂಗಳಗಳಿದ್ದವು. ಮುಂದೆ ಕ್ರಿಕೆಟ್ ಬಂದಾಗ ಹುಡುಗರು ಆ ಕೆರೆಯಂಗಳಗಳನ್ನೇ ಮೈದಾನ ಮಾಡಿಕೊಂಡರು. ನೆಲ ಇತ್ತು. ಇಲ್ಲದಿದ್ದದ್ದು ಆಟವನ್ನು ತಂದು ಕಲಿಸಿ, ನಿಲ್ಲಿಸಿ, ವಾರವಾರ ಆಡಿಸುವ ಒಂದು ಸಂಸ್ಥೆ. ಬೆಂಗಳೂರಿಗೆ ದಂಡಿತ್ತು, ಕೋಲಾರದ ಗಣಿಯಲ್ಲಿ ಇಂಗ್ಲಿಷ್ ಕಂಪನಿಯಿತ್ತು, ಮಂಗಳೂರಿಗೆ ಮಿಷನ್ ಶಾಲೆಗಳಿದ್ದವು, ಕಲ್ಕತ್ತಾಕ್ಕೆ ಕ್ಲಬ್ಬುಗಳಿದ್ದವು. ತಿಪಟೂರಿಗೆ ಇದ್ದದ್ದು ಮಂಡಿ, ಮಠ, ಸರ್ಕಾರಿ ಶಾಲೆ. ಮಂಡಿಗೆ ಆಟದ ಅಗತ್ಯವಿರಲಿಲ್ಲ. ಮಠಗಳು ಅನ್ನ, ಅಕ್ಷರ ಕೊಟ್ಟವು, ಅದು ಸಣ್ಣ ಕೆಲಸವಲ್ಲ. ಶಾಲೆಯ ಆಟ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತಿತ್ತು.

ಸೋತವನು ಮನೆಗೆ

ಈ ಹೋಬಳಿ ಕೂಟದ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಕಡೆ ಓದಿದ ಎಲ್ಲರಿಗೂ ಗೊತ್ತಿರುವ ಏಣಿ ಅದು. ಹೋಬಳಿಯಲ್ಲಿ ಗೆದ್ದರೆ ತಾಲ್ಲೂಕು, ತಾಲ್ಲೂಕಿನಲ್ಲಿ ಗೆದ್ದರೆ ಜಿಲ್ಲೆ, ಆಮೇಲೆ ರಾಜ್ಯ. ತಂಡದ ಆಟಗಳಲ್ಲಿ ಸಾಮಾನ್ಯವಾಗಿ ಒಂದು ಪಂದ್ಯ ಸೋತರೆ ಆ ವರ್ಷದ ಆಟ ಮುಗಿಯಿತು. ಹಂದನಕೆರೆಯ ಶಾಲೆಯೊಂದರ ತಂಡ ಮೊದಲ ಪಂದ್ಯದಲ್ಲೇ ಸೋತರೆ ಆ ಮಕ್ಕಳು ಮತ್ತೆ ಕಣಕ್ಕಿಳಿಯುವುದು ಮರುವರ್ಷ. ಹೆಚ್ಚು ಆಡಬೇಕಾದ ದುರ್ಬಲ ತಂಡಕ್ಕೆ ಅತಿ ಕಡಿಮೆ ಆಟ ಸಿಗುವ ವ್ಯವಸ್ಥೆ ಇದು.

ಇಡೀ ಭಾರತದ ಫುಟ್‌ಬಾಲ್ ನಡೆದು ಬಂದದ್ದೂ ಹೀಗೆಯೇ. 1888ರ ಡ್ಯುರಾಂಡ್, 1891ರ ರೋವರ್ಸ್, 1893ರ ಐಎಫ್‌ಎ ಶೀಲ್ಡ್, ಎಲ್ಲವೂ ನಾಕೌಟ್ ಕಪ್ಪುಗಳು. ಸೋತವರು ಮನೆಗೆ. ನಗರಗಳ ಒಳಗೆ ಲೀಗ್‌ಗಳಿದ್ದವು, ದೇಶಕ್ಕೆ ಒಂದು ಲೀಗ್ ಇರಲಿಲ್ಲ. ಅದು ಬಂದದ್ದು 1996ರಲ್ಲಿ, ಮೊದಲ ಒಲಿಂಪಿಕ್ಸ್ ಗೋಲಿನ 48 ವರ್ಷಗಳ ನಂತರ. ದೇಶದೊಳಗಿನ ಪಂದ್ಯಗಳು ಬಹುಕಾಲ 90 ನಿಮಿಷಕ್ಕಿಂತ ಕಡಿಮೆ ಅವಧಿಯವು. ಹೊರದೇಶದಲ್ಲಿ 90 ನಿಮಿಷ ಓಡಬೇಕಾದಾಗ ಕೊನೆಯ ಇಪ್ಪತ್ತು ನಿಮಿಷ ನಮ್ಮವರ ಕಾಲು ಸೋಲುತ್ತಿತ್ತು. ಫುಟ್‌ಬಾಲ್ ಕಲಿಯುವುದು ಆಡಿಯೇ. ಯಾರು ಚಿಕ್ಕಂದಿನಿಂದ ವಾರಕ್ಕೊಂದು ಸಮಬಲದ ಪಂದ್ಯ ಆಡುತ್ತಾರೋ ಅವರ ಕಣ್ಣಿಗೆ ಮೈದಾನ ಬೇಗ ತೆರೆದುಕೊಳ್ಳುತ್ತದೆ, ಚೆಂಡು ಬರುವ ಮುಂಚೆಯೇ ಎಲ್ಲಿ ನಿಲ್ಲಬೇಕೆಂದು ಕಾಲಿಗೆ ತಿಳಿಯುತ್ತದೆ. ಹದಿನೈದು ದಾಟಿದ ಮೇಲೆ ಕಲಿಯಲು ಕೂತರೆ ಆ ಬುದ್ಧಿ ಬರುವುದು ಕಷ್ಟ.

ಇದಕ್ಕೆ ಎದುರಾಗಿ ಜಪಾನ್ ನಡೆದ ದಾರಿ ನೋಡಿ. 1962ರ ಜಕಾರ್ತದಲ್ಲಿ ಭಾರತ ಜಪಾನನ್ನು 2–0ಯಿಂದ ಸೋಲಿಸಿತ್ತು. ಅದಕ್ಕೆ ಎರಡು ವರ್ಷ ಮೊದಲೇ ಜಪಾನ್ ಜರ್ಮನಿಯಿಂದ ಡೆಟ್‌ಮಾರ್ ಕ್ರಾಮರ್ ಎಂಬ ತರಬೇತುದಾರರನ್ನು ಕರೆಸಿಕೊಂಡಿತ್ತು. 1965ರಲ್ಲಿ ರಾಷ್ಟ್ರೀಯ ಲೀಗ್ ಆರಂಭಿಸಿತು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಕಂಚು ಬಂತು. ಆಮೇಲೆ ದೀರ್ಘಕಾಲ ಹೇಳಿಕೊಳ್ಳುವಂಥ ಗೆಲುವಿಲ್ಲ, ಆದರೂ ಲೀಗ್ ನಿಲ್ಲಲಿಲ್ಲ. 1993ರಲ್ಲಿ ಅದನ್ನು ವೃತ್ತಿಪರ ಲೀಗ್ ಮಾಡಿದರು. 1998ರಲ್ಲಿ ಮೊದಲ ವಿಶ್ವಕಪ್ ಆಡಿದರು. 2022ರಲ್ಲಿ ಜರ್ಮನಿಯನ್ನೂ ಸ್ಪೇನನ್ನೂ ಸೋಲಿಸಿದರು. ತೆಂಗಿನ ಸಸಿ ನೆಟ್ಟವನು ಮರುವರ್ಷವೇ ಕಾಯಿ ಕೇಳುವುದಿಲ್ಲ. ಆರೇಳು ವರ್ಷ ನೀರು ಕಟ್ಟಿ, ಬುಡ ಬಿಡಿಸಿ ಕಾಯುತ್ತಾನೆ, ನಿಜವಾದ ಫಸಲು ಮಗನ ಕಾಲಕ್ಕೆ. ಜಪಾನ್ ಫುಟ್‌ಬಾಲನ್ನು ಹಾಗೆ ಬೆಳೆಸಿತು. ನಾವು ತಾನಾಗಿ ಬೆಳೆದ ಗಿಡದ ಹಣ್ಣು ಕಿತ್ತು ತಿಂದೆವು, ಹೊಸದಾಗಿ ನೆಡಲಿಲ್ಲ.

ಓಣಿಗಳು ಬತ್ತಿದಾಗ

ಬೆಂಗಳೂರಿನ ಫುಟ್‌ಬಾಲ್ ಒಮ್ಮೆಗೇ ಮುಗಿಯಲಿಲ್ಲ. ದಂಡು ಹೋದ ಮೇಲೆ ಕಾರ್ಖಾನೆಗಳು ಆಟವನ್ನು ಎತ್ತಿಕೊಂಡವು. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇಯಂಥ ಸಂಸ್ಥೆಗಳು ಆಟಗಾರರಿಗೆ ನೌಕರಿ ಕೊಟ್ಟವು. ಸಂಬಳ, ಕ್ವಾರ್ಟರ್ಸ್, ಪಿಂಚಣಿಯ ಭರವಸೆ ಇದ್ದಾಗ ಬಡಮನೆಯ ಹುಡುಗ ಧೈರ್ಯವಾಗಿ ಚೆಂಡಿನ ಹಿಂದೆ ಹೋಗಬಲ್ಲ. 1977ರಲ್ಲಿ ಮೊದಲ ಫೆಡರೇಷನ್ ಕಪ್ಪಿನ ಫೈನಲ್‌ನಲ್ಲಿ ಐಟಿಐ ತಂಡ ಮೋಹನ್ ಬಾಗಾನನ್ನು 1–0ಯಿಂದ ಸೋಲಿಸಿದ್ದು ಆ ಕಾಲದ ಶಿಖರ. ಬಾಬು ಮಣಿ, ಕಾರ್ಲ್‌ಟನ್ ಚಾಪ್‌ಮನ್‌ರಂಥವರು ಬೆಂಗಳೂರಿನಿಂದ ಹೊರಟು ಕಲ್ಕತ್ತಾದಲ್ಲಿ ಮೆರೆದು ಭಾರತಕ್ಕೆ ಆಡಿದರು. ಚಾಪ್‌ಮನ್ ಭಾರತದ ನಾಯಕರೂ ಆದರು. ಇಬ್ಬರೂ ಅರವತ್ತು ತುಂಬುವ ಮುನ್ನವೇ ನಮ್ಮನ್ನು ಅಗಲಿದರು.

1990ರ ದಶಕದ ನಂತರ ಸಾರ್ವಜನಿಕ ಉದ್ದಿಮೆಗಳು ನೇಮಕಾತಿ ಕಡಿತ ಮಾಡಿದವು. ಆಟಗಾರರ ಕೋಟಾ ಕರಗಿತು. ನಗರ ಬೆಳೆದು ಆಟದ ಬಯಲುಗಳನ್ನು ನುಂಗಿತು. 1983ರ ವಿಶ್ವಕಪ್ ಗೆಲುವು ಮತ್ತು ದೂರದರ್ಶನ ಸೇರಿ ಕ್ರಿಕೆಟ್ಟನ್ನು ಮನೆಮನೆಗೆ ಒಯ್ದವು. ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ, ಅಲ್ಲಿನ ಮಕ್ಕಳು ಇಂದಿಗೂ ಆಡುತ್ತಾರೆ. ಆದರೆ ಆ ಕೆಲವು ಓಣಿಗಳು ಬಡವಾದಾಗ ಅವುಗಳ ಜಾಗ ತುಂಬಲು ರಾಜ್ಯದಲ್ಲಿ ಬೇರೆ ಊರುಗಳು ಸಿದ್ಧವಾಗಿರಲಿಲ್ಲ. ತಿಪಟೂರಿನಲ್ಲಿ, ಹಾಸನದಲ್ಲಿ, ಚಿತ್ರದುರ್ಗದಲ್ಲಿ ನಲವತ್ತು ವರ್ಷ ಮೊದಲೇ ನೆಡಬೇಕಿದ್ದ ಆಟವನ್ನು ಯಾರೂ ನೆಟ್ಟಿರಲಿಲ್ಲ. ಹೈದರಾಬಾದಿನ ಕಥೆಯೂ ಇದೇ. ನಗರ ಸೊರಗಿತು, ಹಿಂದೆ ಜಿಲ್ಲೆಗಳಿರಲಿಲ್ಲ. ದೇಶದ ತಂಡ ಕುಸಿದದ್ದು ಹೀಗೆ.

ಈಚಿನ ವರ್ಷಗಳಲ್ಲಿ ಬೆಳಕಿನ ಕಿಂಡಿಗಳು ತೆರೆದಿವೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಅದೇ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಯಾಫ್ ಕಪ್ ಗೆದ್ದಿತು. ಫಿಫಾ ಪಟ್ಟಿಯಲ್ಲಿ ಭಾರತ 99ನೇ ಸ್ಥಾನಕ್ಕೆ ಏರಿತು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. 2024ರ ಏಷ್ಯಾ ಕಪ್ಪಿನಲ್ಲಿ ಆಸ್ಟ್ರೇಲಿಯ, ಉಜ್ಬೇಕಿಸ್ತಾನ, ಸಿರಿಯಾಗಳ ವಿರುದ್ಧ ಮೂರು ಪಂದ್ಯ ಸೋತೆವು, ಒಂದು ಗೋಲೂ ಬರಲಿಲ್ಲ. 2025ರಲ್ಲಿ 130ರ ಆಚೆಗೆ ಜಾರಿದೆವು. ಆ ಅಕ್ಟೋಬರಿನಲ್ಲಿ ಮಡಗಾಂವಿನಲ್ಲಿ ಸಿಂಗಪುರಕ್ಕೆ 2–1ರಿಂದ ಸೋತು 2027ರ ಏಷ್ಯಾ ಕಪ್ಪಿನ ದಾರಿಯನ್ನೂ ಕಳೆದುಕೊಂಡೆವು. ಒಂದು ದೊಡ್ಡ ಕ್ಲಬ್ಬು, ಒಬ್ಬ ಸುನಿಲ್ ಚೆಟ್ರಿ ದೇಶವನ್ನು ಸ್ವಲ್ಪ ದೂರ ಹೊತ್ತು ನಡೆಯಬಹುದು. ದಾರಿಯುದ್ದಕ್ಕೂ ಹೊರಲಾರರು.

ಒಂದು ತಾಲ್ಲೂಕಿನಷ್ಟು ದೇಶಗಳು

ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ ಎಂದು ಕೇಳುವುದುಂಟು. ಹೆಚ್ಚೂಕಡಿಮೆ ಅಷ್ಟೇ ಜನರಿರುವ ಚೀನಾ ವಿಶ್ವಕಪ್ ಆಡಿದ್ದು ಒಮ್ಮೆ, 2002ರಲ್ಲಿ. ಮೂರೂ ಪಂದ್ಯ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ತಲೆಯೆಣಿಕೆ ಇಲ್ಲಿ ಲೆಕ್ಕಕ್ಕಿಲ್ಲ. ಎಷ್ಟು ಮಕ್ಕಳು ಎಷ್ಟು ಊರುಗಳಲ್ಲಿ ನಿಯಮಿತವಾಗಿ ಆಡುತ್ತಾರೆ ಎಂಬುದೇ ಲೆಕ್ಕ.

ಉರುಗ್ವೆಯ ಜನಸಂಖ್ಯೆ ಸುಮಾರು 34 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ತುಮಕೂರು ಜಿಲ್ಲೆಯೊಂದರಲ್ಲೇ ಸುಮಾರು 27 ಲಕ್ಷ ಜನರಿದ್ದರು. 1930 ಮತ್ತು 1950ರಲ್ಲಿ ವಿಶ್ವಕಪ್ ಗೆದ್ದ ಉರುಗ್ವೆಯಲ್ಲಿ ಆರರಿಂದ ಹದಿಮೂರು ವರ್ಷದ ಮಕ್ಕಳಿಗೆ ದೇಶದುದ್ದಕ್ಕೂ ಲೀಗ್ ನಡೆಯುತ್ತದೆ. ಊರೂರಿನ ತಂದೆತಾಯಂದಿರೇ ಕೂಡಿ ಅದನ್ನು ನಡೆಸುತ್ತಾರೆ. 2016ರ ಯೂರೊ ಕಪ್ಪಿನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಐಸ್‌ಲ್ಯಾಂಡಿನ ಜನಸಂಖ್ಯೆ ಆಗ ಸುಮಾರು 3.3 ಲಕ್ಷ. ವರ್ಷದ ಬಹುಪಾಲು ಚಳಿಗಾಳಿ ಬೀಸುವ ಆ ದೇಶ 2000ದ ನಂತರ ಊರೂರಿಗೆ ಒಳಾಂಗಣ ಮೈದಾನ ಕಟ್ಟಿತು, ಚಿಕ್ಕ ಮಕ್ಕಳಿಗೂ ಅರ್ಹತೆಯುಳ್ಳ ತರಬೇತುದಾರರನ್ನೇ ನೇಮಿಸಿತು. 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆದ ಕೇಪ್ ವರ್ಡೆಯಲ್ಲಿ ಸುಮಾರು ಐದು ಲಕ್ಷ ಜನ. ಕುರಸಾವ್ ಎಂಬ ದ್ವೀಪದಲ್ಲಿ ಒಂದೂವರೆ ಲಕ್ಷ ಚಿಲ್ಲರೆ, ನಮ್ಮ ಒಂದು ತಾಲ್ಲೂಕಿನಷ್ಟು. ಈ ಎರಡು ದೇಶಗಳ ಹಲವು ಆಟಗಾರರು ಯುರೋಪಿನಲ್ಲಿ ಹುಟ್ಟಿ ಅಲ್ಲಿನ ಕ್ಲಬ್ಬುಗಳಲ್ಲಿ ಬೆಳೆದವರು ಎಂಬುದೂ ನಿಜ. ಅದು ಕೂಡ ಅದೇ ಮಾತನ್ನು ಹೇಳುತ್ತದೆ. ಅದೇ ರಕ್ತದ ಮಗು ಡಚ್ ಊರೊಂದರ ಮಕ್ಕಳ ಲೀಗಿನಲ್ಲಿ ಬೆಳೆದರೆ ವಿಶ್ವಕಪ್ ಆಡುತ್ತದೆ. ಬೆಳೆಸುವ ವ್ಯವಸ್ಥೆಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸರಳ. ತಿಪಟೂರಿನ ಕಸಬಾ, ಹೊನ್ನವಳ್ಳಿ, ನೊಣವಿನಕೆರೆ, ಕಿಬ್ಬನಹಳ್ಳಿ. ತುರುವೇಕೆರೆಯ ಮಾಯಸಂದ್ರ, ದಂಡಿನಶಿವರ, ದಬ್ಬೇಘಟ್ಟ. ಚಿಕ್ಕನಾಯಕನಹಳ್ಳಿಯ ಹುಳಿಯಾರು, ಹಂದನಕೆರೆ, ಕಂದಿಕೆರೆ, ಶೆಟ್ಟಿಕೆರೆ. ಈ ಹೋಬಳಿಗಳಲ್ಲಿ ಹನ್ನೆರಡು ವರ್ಷದೊಳಗಿನ ಹುಡುಗರಿಗೂ ಹುಡುಗಿಯರಿಗೂ ಏಳು ಜನರ ಫುಟ್‌ಬಾಲ್ ಲೀಗ್ ನಡೆಯಲಿ. ನಾಕೌಟ್ ಬೇಡ. ಸೋತ ತಂಡವೂ ಮುಂದಿನ ಶನಿವಾರ ಮತ್ತೆ ಆಡಲಿ. ಶಾಲೆಯ ಬಯಲು, ಕೊಯ್ದ ರಾಗಿ ಹೊಲ, ಬತ್ತಿದ ಕೆರೆಯಂಗಳ ಸಾಕು. ದೈಹಿಕ ಶಿಕ್ಷಣ ಶಿಕ್ಷಕರಿಗೆ ತರಬೇತಿ ಕೊಡುವ ಹೊಣೆಯನ್ನು ರಾಜ್ಯದ ಫುಟ್‌ಬಾಲ್ ಸಂಸ್ಥೆ ಹೊರಲಿ. ಚೆಂಡು, ಬಲೆ, ಊಟದ ಖರ್ಚನ್ನು ನಮ್ಮ ಮಂಡಿ ವರ್ತಕರೂ ಸಹಕಾರ ಸಂಘಗಳೂ ಕೊಡಬಲ್ಲವು. ಜಾತ್ರೆಗೆ, ನಾಟಕಕ್ಕೆ, ಕಬಡ್ಡಿಗೆ ಕೈಬಿಚ್ಚಿ ಕೊಟ್ಟ ಸೀಮೆ ಇದು.

ಇದರಿಂದ ಐದು ವರ್ಷದಲ್ಲಿ ಭಾರತ ವಿಶ್ವಕಪ್ ಆಡುವುದಿಲ್ಲ. ಹತ್ತು ವರ್ಷದಲ್ಲೂ ಆಡದಿರಬಹುದು. ಆದರೆ ಹುಳಿಯಾರಿನ ಒಂದು ಮಗು ಹನ್ನೆರಡು ತುಂಬುವ ಹೊತ್ತಿಗೆ ನೂರು ಪಂದ್ಯ ಆಡಿರುತ್ತದೆ. ರಾಮನ್, ಅಹ್ಮದ್ ಖಾನ್, ಕೆಂಪಯ್ಯನವರ ಕಾಲದಲ್ಲಿ ಆ ಅವಕಾಶ ದಂಡಿನ ಮಗ್ಗುಲ ಕೆಲವು ಓಣಿಗಳಿಗೆ ಮಾತ್ರ ಇತ್ತು, ಅಷ್ಟರಲ್ಲೇ ಅವರು ದೇಶವನ್ನು ಏಷ್ಯಾದ ಮೇಲೇರಿಸಿದರು. ಅದೇ ಅವಕಾಶವನ್ನು ರಾಜ್ಯದ ಪ್ರತಿ ಹೋಬಳಿಯ ಮಗುವಿಗೂ ಕೊಡುವುದು ಸರ್ಕಾರದ, ಕ್ರೀಡಾ ಸಂಸ್ಥೆಗಳ ಮತ್ತು ಈ ಸೀಮೆಯ ನಮ್ಮೆಲ್ಲರ ಕರ್ತವ್ಯ.